ಭಾನುವಾರದ ಕಂತು, ಸೋಮವಾರದ ಸಂಬಳ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಬೆಂಗಳೂರಿನಲ್ಲಿರುವ ಅವರ ಮಗನ ಬೈಕ್ ಸಾಲದ ಕಂತು ಬೌನ್ಸ್ ಆಯಿತಂತೆ. ಕಂತಿನ ತಾರೀಖು ಭಾನುವಾರ ಬಿದ್ದಿತ್ತು, ಸಂಬಳ ಬಂದದ್ದು ಸೋಮವಾರ. ಬ್ಯಾಂಕು 500 ರೂಪಾಯಿ ದಂಡ, ಅದರ ಮೇಲೆ 90 ರೂಪಾಯಿ ಜಿಎಸ್‌ಟಿ ಮುರಿದುಕೊಂಡಿತು. ಸಾಲ ಕೊಟ್ಟ ಕಂಪನಿ ತನ್ನ ದಂಡ ಬೇರೆ ಹಾಕಿತು. ಮಗ ಗೋಳು ಹೇಳಿಕೊಂಡರೆ ಮೇಷ್ಟ್ರು ಅಂದದ್ದು, "ಲೆಕ್ಕ ಇಡದವನಿಗೆ ದಂಡ ಬಿದ್ದರೆ ಸರಿಯೇ." ತಾವು ಈಗಲೂ ಪೈಸೆ ಪೈಸೆ ಡೈರಿಯಲ್ಲಿ ಬರೆಯುತ್ತಾರಂತೆ. "ನಾನು ಹೇಳಿದ್ದು ತಪ್ಪೇ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ಲೆಕ್ಕ ಬರೆಯುವುದು ಒಳ್ಳೆಯ ಅಭ್ಯಾಸ. ನಿಮ್ಮ ಡೈರಿಗೆ ನನ್ನ ನಮಸ್ಕಾರ. ಆದರೆ ಮಗನಿಗೆ ಸ್ವಲ್ಪ ಅನ್ಯಾಯ ಮಾಡಿದಿರಿ. ಅವನು ಲೆಕ್ಕ ಇಟ್ಟಿದ್ದ, ಅಲ್ವಾ? ಸೋಮವಾರ ದುಡ್ಡು ಬರುತ್ತದೆ, ಭಾನುವಾರ ಬ್ಯಾಂಕಿಗೆ ರಜೆ ಅಂತ ಲೆಕ್ಕ ಹಾಕಿಯೇ ಸುಮ್ಮನಿದ್ದ. ಹಿಂದೆ ಆ ಲೆಕ್ಕ ಸರಿಯಾಗಿಯೇ ಇತ್ತು. 2021ರ ಆಗಸ್ಟ್ 1ರಿಂದ ಕಂತು ಮುರಿಯುವ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ನಡೆಯುತ್ತದೆ. ಬ್ಯಾಂಕಿನ ಬಾಗಿಲಿಗೆ ಬೀಗ, ಕಂತಿಗೆ ಮಾತ್ರ ರಜೆ ಇಲ್ಲ. ನಿಮ್ಮ ಮಗನ ಆಫೀಸಿನ ಲೆಕ್ಕದ ವಿಭಾಗಕ್ಕೆ ಭಾನುವಾರ ರಜೆ ಇದೆ. ಇವೆರಡರ ನಡುವೆ ಸಿಕ್ಕಿಕೊಂಡವನು ಹುಡುಗ.

ಇನ್ನು ಡೈರಿಯ ಮಾತು. ಅದರಲ್ಲಿ ನಾವು ಕೊಟ್ಟದ್ದನ್ನು ಬರೆಯಬಹುದು. ನಮಗೆ ಗೊತ್ತಾಗದೆ ಹೋದದ್ದನ್ನು ಹೇಗೆ ಬರೆಯುವುದು? ನಮ್ಮ ಬಡಾವಣೆಯ ಬ್ಯಾಂಕಿನಲ್ಲಿ ಪಾಸ್‌ಬುಕ್ ಮಷೀನ್ ಮುಂದೆ ಗಾರೆ ಕೆಲಸದವರೊಬ್ಬರು ತಮ್ಮ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಓದಿ ಹೇಳಿ ಅಂದರು. (ಮಷೀನ್ ಅವತ್ತು ಕೆಲಸ ಮಾಡುತ್ತಿತ್ತು, ಅದೇ ದೊಡ್ಡದು.) ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ, ಕೆಳಗೆ 20 ರೂಪಾಯಿ. ಎರಡೂ ಪ್ರಧಾನಮಂತ್ರಿ ವಿಮೆಯ ವರ್ಷದ ಕಂತು. ವಿಮೆ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಅದರ ಕೆಳಗೆ ಎಸ್ಸೆಮ್ಮೆಸ್ ಚಾರ್ಜು, ಆಮೇಲೆ ಎಟಿಎಂ ಕಾರ್ಡಿನ ಫೀ, ಕೊನೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ. ಮೊದಲಿನವು ಹೋಗಿದ್ದರಿಂದಲೇ ಬ್ಯಾಲೆನ್ಸ್ ಕಮ್ಮಿಯಾಗಿತ್ತು! "ನಾನು ದುಡ್ಡು ತೆಗೆದೇ ಇಲ್ಲವಲ್ಲ ಸಾರ್" ಅಂದರು ಅವರು. ಅವರಿಗೂ ಶಿಸ್ತಿನ ಪಾಠ ಹೇಳೋಣವೇ?

ಈ ಮಿನಿಮಮ್ ಬ್ಯಾಲೆನ್ಸಿನ ಲೆಕ್ಕವನ್ನೊಮ್ಮೆ ನೋಡಿ, ನೀವು ಗಣಿತದ ಮೇಷ್ಟ್ರಾಗಿದ್ದರೆ ನಗು ಬರುತ್ತದೆ. ತಿಂಗಳ ಸರಾಸರಿ 5,000 ಇರಬೇಕು ಅಂತ ಇಟ್ಟುಕೊಳ್ಳಿ. ಪ್ರತಿ ದಿನದ ಕೊನೆಯ ಬ್ಯಾಲೆನ್ಸು ಕೂಡಿ, ದಿನಗಳಿಂದ ಭಾಗಿಸುತ್ತಾರೆ. ಒಬ್ಬರ ಖಾತೆಯಲ್ಲಿ ಒಂದೇ ಒಂದು ರಾತ್ರಿ ಒಂದೂವರೆ ಲಕ್ಷ ಇದ್ದು, ಉಳಿದ 29 ದಿನ ಸೊನ್ನೆ ಇದ್ದರೂ ಸರಾಸರಿ 5,000 ಆಯಿತು. ಅವರಿಗೆ ದಂಡವಿಲ್ಲ. ಹೂವು ಮಾರುವ ಅಮ್ಮ ತಿಂಗಳಿಡೀ 4,000 ಮುಟ್ಟದೆ ಇಟ್ಟಿದ್ದರೆ ಅವರಿಗೆ ದಂಡ. ಇಬ್ಬರಲ್ಲಿ ಶಿಸ್ತು ಯಾರದು ಜಾಸ್ತಿ?

ಇದು ಶಿಸ್ತಿನ ಮಾತಲ್ಲ, ಬ್ಯಾಂಕಿನ ಆದಾಯದ ಮಾತು ಅಂತ ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ಸರ್ಕಾರಿ ಬ್ಯಾಂಕುಗಳು 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಈ ದಂಡದಿಂದ ಸುಮಾರು 8,500 ಕೋಟಿ ರೂಪಾಯಿ ವಸೂಲಿ ಮಾಡಿದವು. ಇದು ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ. ಸ್ಟೇಟ್ ಬ್ಯಾಂಕು 2020ರಲ್ಲೇ ಇದನ್ನು ಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಕೈಬಿಟ್ಟಿತು. ಬಿಟ್ಟವರ ಬಾಗಿಲು ಮುಚ್ಚಿಲ್ಲ.

ಅಮೆರಿಕದಲ್ಲಿರುವ ನಮ್ಮ ಹುಡುಗರು ಇನ್ನೊಂದು ಬಗೆಯ ಕಥೆ ಹೇಳುತ್ತಾರೆ. ಅಲ್ಲಿ ದುಡ್ಡಿಲ್ಲದಿದ್ದರೂ ಬ್ಯಾಂಕು ಎಷ್ಟೋ ಸಲ ಪಾವತಿ ಮಾಡಿಬಿಡುತ್ತದೆ, ಆಮೇಲೆ ಓವರ್‌ಡ್ರಾಫ್ಟ್ ಫೀ ಅಂತ 35 ಡಾಲರ್‌ವರೆಗೂ ಎಳೆಯುತ್ತದೆ. ವೆಲ್ಸ್ ಫಾರ್ಗೋ ಬ್ಯಾಂಕು ದಿನದ ಖರ್ಚುಗಳಲ್ಲಿ ದೊಡ್ಡದನ್ನು ಮೊದಲು ಮುರಿದು, ಚಿಕ್ಕವನ್ನು ಆಮೇಲೆ ಮುರಿಯುತ್ತಿತ್ತು. ದೊಡ್ಡದು ಖಾತೆಯನ್ನು ಬರಿದು ಮಾಡಿದ ಮೇಲೆ ಕಾಫಿ, ಬ್ರೆಡ್ಡು, ಪೆಟ್ರೋಲು ಒಂದೊಂದಕ್ಕೂ ಬೇರೆ ಬೇರೆ ಫೀ! 2010ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಇದು ತಪ್ಪೆಂದು 20.3 ಕೋಟಿ ಡಾಲರ್ ವಾಪಸ್ ಕೊಡಲು ಹೇಳಿತು. ಆ ಗ್ರಾಹಕರು ಡೈರಿ ಬರೆದಿದ್ದರೂ ಯಾವ ಖರ್ಚನ್ನು ಮೊದಲು ಮುರಿಯುತ್ತಾರೆ ಅನ್ನುವುದು ಬ್ಯಾಂಕಿನ ಕೈಯಲ್ಲೇ ಇತ್ತು.

ನಮ್ಮ ಕರಾವಳಿಯವರು ಬ್ಯಾಂಕ್ ಕಟ್ಟಿದ್ದು ಹೀಗಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟರೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಇಸಿದುಕೊಂಡು ಹೋಗುತ್ತಿದ್ದರು. ಎರಡಾಣೆಯವರೂ ಗ್ರಾಹಕರೇ ಅಂತ ನಂಬಿದ್ದರು ಅವರು. ಈಗ ಎಸಿ ಹಾಲ್, ಟೋಕನ್, ಕನ್ನಡ ಬಾರದ ಕೌಂಟರ್. ಇರಲಿ, ಅದನ್ನು ಶುರು ಮಾಡಿದರೆ ಈ ಸಂಚಿಕೆ ಸಾಲದು.

ನಿಯಮಗಳೇ ಇಲ್ಲ ಅಂತಲ್ಲ. ಮಿನಿಮಮ್ ಬ್ಯಾಲೆನ್ಸ್ ಕಮ್ಮಿಯಾದರೆ ಮೊದಲು ತಿಳಿಸಬೇಕು, ತುಂಬಲು ಒಂದು ತಿಂಗಳಾದರೂ ಬಿಡಬೇಕು, ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು, ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು. ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದ್ದು ಇದು. ತಿಳಿಸುತ್ತಾರೆ ಕೂಡ. ಆದರೆ ಆ ಎಸ್ಸೆಮ್ಮೆಸ್ಸು ಸಾಲದ ಆಫರುಗಳ ಹದಿನೈದು ಮೆಸೇಜಿನ ಮಧ್ಯೆ, ಇಂಗ್ಲಿಷಿನಲ್ಲಿ ಬಂದಿರುತ್ತದೆ.

ಮಗನಿಗೆ ಇಷ್ಟು ಹೇಳಿ. ಸಾಲದ ಕಂಪನಿಗೆ ಬರೆದು ಕಂತಿನ ತಾರೀಖು ಐದಕ್ಕೋ ಏಳಕ್ಕೋ ಬದಲಾಯಿಸಿಕೊಡಿ ಅಂತ ಕೇಳಲಿ, ಎಷ್ಟೋ ಕಂಪನಿಗಳು ಒಪ್ಪುತ್ತವೆ. ದಂಡ ವಾಪಸ್ ಕೊಡಿ ಅಂತ ಶಾಖೆಗೆ ಅರ್ಜಿ ಕೊಡಲಿ. ಮೊದಲ ಸಲವಾದರೆ ಮ್ಯಾನೇಜರು ಮನಸ್ಸು ಮಾಡುವುದುಂಟು. ಬ್ಯಾಂಕು ನಿಯಮ ಮೀರಿದೆ ಅನ್ನಿಸಿ ದೂರು ಕೊಟ್ಟರೆ, 30 ದಿನದಲ್ಲಿ ಉತ್ತರ ಬಾರದಿದ್ದಾಗ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಅದಕ್ಕೆ ಕಾಸು ಕೊಡಬೇಕಿಲ್ಲ. ಮನೆಗೆಲಸದವರಿಗೆ, ಗಾರೆಯವರಿಗೆ ನೀವು ಸಹಾಯ ಮಾಡುವುದಾದರೆ ಮಿನಿಮಮ್ ಬ್ಯಾಲೆನ್ಸೇ ಬೇಡದ ಬೇಸಿಕ್ ಉಳಿತಾಯ ಖಾತೆ ಇದೆ. ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.

ಅರ್ಜಿ ಬರೆಯುವುದು ಮಗನಿಗೆ ಬೇಜಾರಾದರೆ ನೀವೇ ಬರೆದುಕೊಡಿ ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ. ಮ್ಯಾನೇಜರು ಏನಂದರು ಅಂತ ನಮಗೂ ಒಂದು ಸಾಲು ಹಾಕಿ.

— ಸಂ.