ಕಮ್ಯುಟೇಷನ್ ಪುಕ್ಕಟೆ ದುಡ್ಡಲ್ಲ ಸ್ವಾಮಿ

ಸೇನೆಯಿಂದ ಪೆನ್ಷನ್ ಬರುವವರ ಪತ್ರಗಳಲ್ಲಿ ಹತ್ತಕ್ಕೆ ಎಂಟು ಒಂದೇ ಥರ ಇರುತ್ತವೆ. ಅದಕ್ಕೇ ಈ ಸಲ ಮೊದಲ ಪ್ರಶ್ನೆಗೆ ಜಾಸ್ತಿ ಜಾಗ. ಕಮ್ಯುಟೇಷನ್ ಅಂದರೆ ತಿಂಗಳ ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು, ಅದರ ಬದಲು ಒಂದೇ ಗಂಟಿನಲ್ಲಿ ಹಣ ಪಡೆಯುವುದು.

ನಾನು ಹವಾಲ್ದಾರ್, 39 ವರ್ಷ. ನಾಲ್ಕು ತಿಂಗಳಲ್ಲಿ ನಿವೃತ್ತನಾಗಿ ಮನೆಗೆ ಬರುತ್ತೇನೆ. ಮೂಲ ಪಿಂಚಣಿ 24,000 ರೂಪಾಯಿ ಆಗಬಹುದು. ಅರ್ಧ ಕಮ್ಯೂಟ್ ಮಾಡಿ, ಬಂದ ಹಣ ಎಫ್‌ಡಿ ಇಟ್ಟು ಬಡ್ಡಿಯಲ್ಲಿ ಇರೋಣ ಅಂತಿದ್ದೇನೆ. ಸರಿಯೇ?

ಸರಿಯಲ್ಲ. ಫಾರಂ ಕೈಗೆ ಬಂದ ಕೂಡಲೇ ಎಲ್ಲರೂ ಕಣ್ಣು ಮುಚ್ಚಿ 50 ಪರ್ಸೆಂಟ್ ಅಂತ ಬರೆಯುತ್ತಾರೆ. ಯಾಕೆ ಅಂದರೆ, ಜೊತೆಯವನು ಬರೆದನಂತೆ.

ಲೆಕ್ಕ ನೋಡಿ. ತಿಂಗಳಿಗೆ 12,000 ಬಿಟ್ಟುಕೊಡುತ್ತೀರಿ. ಎಷ್ಟು ವರ್ಷದ ಹಣ ಒಟ್ಟಿಗೆ ಸಿಗುತ್ತದೆ ಅನ್ನುವುದಕ್ಕೆ ಸರ್ಕಾರದ ಪಟ್ಟಿಯಲ್ಲಿ ನಿಮ್ಮ ವಯಸ್ಸಿಗೆ ಇರುವ ಅಂಕಿ ಒಂಬತ್ತರ ಆಸುಪಾಸು. 12,000ವನ್ನು 12 ತಿಂಗಳಿಂದ ಗುಣಿಸಿ, ಮತ್ತೆ 9ರಿಂದ ಗುಣಿಸಿ. ಸುಮಾರು 13 ಲಕ್ಷ. ತೆರಿಗೆ ಇಲ್ಲ, ನಿಜ. ಆದರೆ 15 ವರ್ಷ ತಿಂಗಳು ತಿಂಗಳೂ 12,000 ಕಡಿತ. ಒಟ್ಟು 21 ಲಕ್ಷ 60 ಸಾವಿರ. ಇದು ಸಾಲವೇ ಅಲ್ವಾ? ಬಡ್ಡಿ ಕಟ್ಟಿ ನೋಡಿದರೆ ವರ್ಷಕ್ಕೆ ಏಳೂವರೆ ಪರ್ಸೆಂಟ್ ಹತ್ತಿರ ಬೀಳುತ್ತದೆ. ಏಳೂವರೆಗೆ ತಂದು ಆರೂವರೆಗೋ ಏಳಕ್ಕೋ ಎಫ್‌ಡಿ ಇಟ್ಟರೆ ನಷ್ಟ ನಿಮಗೆ.

ಹಾಗಂತ ಅದು ಕೆಟ್ಟ ಸಾಲವೇನಲ್ಲ. ಅಡಮಾನ ಇಲ್ಲ, ಜಾಮೀನು ಇಲ್ಲ. ತುಟ್ಟಿಭತ್ಯೆ ಪೂರ್ತಿ 24,000ದ ಮೇಲೇ ಬರುತ್ತದೆ. ನಡುವೆ ಏನಾದರೂ ಹೆಚ್ಚುಕಮ್ಮಿ ಆದರೆ ಬಾಕಿಯನ್ನು ಮನೆಯವರಿಂದ ಕೇಳುವುದಿಲ್ಲ, ಕುಟುಂಬ ಪಿಂಚಣಿಯಲ್ಲೂ ಮುರಿದುಕೊಳ್ಳುವುದಿಲ್ಲ. ಆದ್ದರಿಂದ ತಲೆ ಮೇಲೆ ಒಂಬತ್ತು ಹತ್ತರ ಮನೆ ಸಾಲವೋ, ಅದಕ್ಕಿಂತ ದುಬಾರಿ ಕೈಸಾಲವೋ ಇದ್ದರೆ ಖಂಡಿತ ತೆಗೆದುಕೊಂಡು ತೀರಿಸಿ. ಆರೋಗ್ಯ ಅಷ್ಟಕ್ಕಷ್ಟೇ ಇದ್ದವರೂ ತೆಗೆದುಕೊಳ್ಳಲಿ. ಅರ್ಧ ಅನ್ನುವುದು ಮೇಲಿನ ಮಿತಿ ಮಾತ್ರ. ಬೇಕಾದಷ್ಟೇ ಬರೆಯಬಹುದು. ಮನೆಗೆ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮೆಡಿಕಲ್ ಪರೀಕ್ಷೆಯೂ ಬೇಡ. ಅಂದರೆ ಯೋಚಿಸಲು ಪುರಸೊತ್ತಿದೆ.

ಪಿಎಫ್, ಗ್ರಾಚ್ಯುಟಿ, ರಜೆಯ ಹಣ, ಗ್ರೂಪ್ ಇನ್ಶೂರೆನ್ಸ್ ಹೇಗೂ ಒಟ್ಟಿಗೆ ಬಂದು ಬೀಳುತ್ತವೆ. ಬಿದ್ದ ವಾರವೇ ಬಾಮೈದ ಸೈಟು ತೋರಿಸಲು ಬೈಕ್ ತರುತ್ತಾನೆ. ನಮ್ಮಪ್ಪನೂ ಪೆನ್ಷನ್ ಬಂದ ವರ್ಷವೇ ಒಂದು ರೆವಿನ್ಯೂ ಸೈಟು ಕೊಂಡರು. ಅದರ ಖಾತೆಗೆ ಇವತ್ತಿಗೂ ಅಲೆಯುತ್ತಿದ್ದೇವೆ. ನಾನು ಪುಕ್ಕಲ ಅನ್ನಿ ಬೇಕಾದರೆ, ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಒಂದೇ ಬ್ಯಾಂಕಿನಲ್ಲೂ ಎಲ್ಲವನ್ನೂ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ.

ಊರಿನ ಪತ್ತಿನ ಸಹಕಾರ ಸಂಘದಲ್ಲಿ 12 ಪರ್ಸೆಂಟ್ ಕೊಡುತ್ತಾರೆ. ಅಧ್ಯಕ್ಷರು ಗುರುತಿನವರು.

ಆ 5 ಲಕ್ಷದ ವಿಮೆ ಸಹಕಾರಿ ಬ್ಯಾಂಕಿಗೆ ಉಂಟು, ಪತ್ತಿನ ಸಂಘಕ್ಕೆ ಇಲ್ಲ. ಸಂಘ ಮುಳುಗಿದ ದಿನ ಗುರುತಿನ ಅಧ್ಯಕ್ಷರ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಮಾಜಿ ಸೈನಿಕರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ವಯಸ್ಸಿನ ಮಿತಿಯೇ ಇಲ್ಲವಂತೆ?

ಹಿಂದೆ ಇರಲಿಲ್ಲ, ಈಗ ಇದೆ. 50 ತುಂಬಿರಬೇಕು. ಹಳೇ ವಾಟ್ಸಾಪ್ ಮೆಸೇಜು ಅಳಿಸಿ. ಅಪ್ಪನ ಹೆಸರಲ್ಲಿ ಇಡುತ್ತೇನೆ ಅನ್ನುವವರು ನೆನಪಿಡಿ: ಇಟ್ಟ ಮೇಲೆ ಅದು ಅಪ್ಪನ ದುಡ್ಡು, ನಾಳೆ ಅಣ್ಣತಮ್ಮಂದಿರಿಗೂ ಪಾಲು.

'ಫೌಜಿಗಳಿಗೆಂದೇ ಮಾಡಿದ ಪಾಲಿಸಿ, ಒಂದೇ ಸಲ 10 ಲಕ್ಷ ಕಟ್ಟಿ' ಎಂದು ಬ್ಯಾಂಕಿನವರು ಹೇಳುತ್ತಾರೆ.

ಬೇಡ.

ಮಗ ಅಗ್ನಿವೀರ. ನಾಲ್ಕು ವರ್ಷಕ್ಕೆ ಸರ್ಕಾರ 11.71 ಲಕ್ಷ ಕೊಡುತ್ತದೆ. ತೆರಿಗೆ ಕಟ್ಟಬೇಕೇ?

ಕಟ್ಟಬೇಕಿಲ್ಲ ತಾಯಿ. ಆದರೆ ಪೂರ್ತಿ ಸರ್ಕಾರ ಕೊಡುವುದಲ್ಲ. ಅವನ ಸಂಬಳದಿಂದಲೇ ತಿಂಗಳಿಗೆ 30 ಪರ್ಸೆಂಟ್ ಮುರಿದು, ಅಷ್ಟೇ ಹಣ ಸರ್ಕಾರ ಸೇರಿಸಿ, ಬಡ್ಡಿ ಕೂಡಿ ಆದ ಮೊತ್ತ ಅದು. ಅವನಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಅದರಲ್ಲಿ ಕಾರು ಕೊಳ್ಳುವ ಮಾತು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸದ್ಯ ಅದನ್ನು ಅವನ ಕಿವಿಗೆ ಹಾಕಬೇಡಿ.