ಡಾಲ್ಫಿನ್ ಮರೆತದ್ದು ತಪ್ಪೇ ಸರ್

ಪೀಣ್ಯ 2ನೇ ಹಂತದಿಂದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ, ಅದೂ ಕೈಬರಹದಲ್ಲಿ, ಮೊದಲ ಪುಟದ ಮೂಲೇಲಿ ಕಟಿಂಗ್ ಆಯಿಲ್ ಕಲೆ ಬೇರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು: ಕಳೆದ ಸಂಚಿಕೇಲಿ ನಾನು ರೇವಾ ಅನ್ನೋ ಕರೆಂಟ್ ಕಾರನ್ನ ಬೆಂಗಳೂರಲ್ಲಿ ತಯಾರಾದ ಮೊದಲ ಕಾರು ಅಂದದ್ದು ತಪ್ಪು, ಅದಕ್ಕೂ ಮುಂಚೆ ಇಲ್ಲೇ ಮಾಡಿದ ಡಾಲ್ಫಿನ್ ಕಾರು ಎಲ್ಲಿ ಹೋಯ್ತು? ಎರಡನೇದು, ಒಳ್ಳೆ ಗಾಡಿ ಮಾಡಿದೋರು ಉಳೀತಾರೆ ಕೆಟ್ಟದ್ದು ಮಾಡಿದೋರು ಮುಳುಗ್ತಾರೆ, ಇದಕ್ಕೆ ಅಷ್ಟುದ್ದ ಲೇಖನ ಬೇಕಿತ್ತಾ? ಮೂರನೇದು, ಅವರ ಶೆಡ್‌ನಲ್ಲಿ ಇಂಜಿನ್ ವಾಲ್ವ್ ಗೈಡ್ (ವಾಲ್ವ್ ನೇರವಾಗಿ ಓಡಾಡೋಕೆ ಇರೋ ಸಣ್ಣ ಕೊಳವೆ) ಮಾಡ್ತಾರೆ, ಆರ್ಡರ್ ಇಳೀತಾ ಇದೆ, ಡಿಪ್ಲೊಮಾ ಮುಗಿಸಿದ ಮಗ "ಅಪ್ಪಾ ಮಾರಿಬಿಡು" ಅಂತಾನೆ, ಏನ್ ಮಾಡ್ಲಿ ಅಂತ.

ಸರ್, ಮೊದಲನೇದಕ್ಕೆ ವಾದ ಮಾಡಲ್ಲ. ನಾಚಿಕೆ ಏನಂದ್ರೆ ಆ ಕಾರನ್ನ ನಾನು ಮುಟ್ಟಿ ನೋಡಿದೋನು. ಮಲ್ಲೇಶ್ವರದಲ್ಲಿ ನಮ್ಮ ಎದುರು ಮನೆ ಬ್ಯಾಂಕ್ ಮೇಷ್ಟ್ರ ಹತ್ರ (ಬ್ಯಾಂಕಲ್ಲಿದ್ರೂ ಬೀದಿಯವರೆಲ್ಲ ಮೇಷ್ಟ್ರು ಅಂತಾನೇ ಕರೀತಿದ್ರು) ಕೆಂಪು ಬಣ್ಣದ ಸಿಪಾನಿ ಡಾಲ್ಫಿನ್ ಇತ್ತು, ಎರಡೇ ಬಾಗಿಲು, ಮೈಯೆಲ್ಲ ಫೈಬರ್, ನಾವು ಹುಡುಗರು ಹೆಬ್ಬೆರಳಲ್ಲಿ ಬಾಗಿಲು ಒತ್ತಿ ಒತ್ತಿ ಬೈಸ್ಕೊಳ್ತಿದ್ವಿ. ಎಮ್ಮೆ ಬಂದು ಕಾರು ಮೇಯುತ್ತೆ ಅನ್ನೋ ಮಾತು ಊರೆಲ್ಲ ಇತ್ತಲ್ಲ, ಅದಕ್ಕೆ ಹೆದರಿ ಮೇಷ್ಟ್ರ ಮನೆಯವರು ರಾತ್ರಿ ಗೇಟಿಗೆ ಎರಡೆರಡು ಬೀಗ ಹಾಕೋರು. ಆದ್ರೆ ಅದು ತಮಾಷೆಯ ಕಾರಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮೇಲೆ ಕಟ್ಟಿದ್ದು, 848 ಸಿಸಿ ಇಂಜಿನ್ನು, ಹಗುರ ಇದ್ದದ್ದಕ್ಕೆ ರ‍್ಯಾಲಿಗಳಲ್ಲಿ ದೊಡ್ಡೋರನ್ನೆಲ್ಲ ಹಿಂದೆ ಹಾಕಿತ್ತು. ಅದು ಬಂದದ್ದು 1982ರಲ್ಲಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 50 ಸಾವಿರದ ಆಸುಪಾಸಿಗೆ, ಜಪಾನಿನ ಇಂಜಿನ್ನು, ಸರ್ಕಾರದ ಬೆನ್ನು. ಅಲ್ಲಿಗೆ ಡಾಲ್ಫಿನ್ ಕತೆ ಹೆಚ್ಚುಕಮ್ಮಿ ಮುಗೀತು.

ಈಗ ನಿಮ್ಮ ಎರಡನೇ ಮಾತಿಗೆ ಬರ್ತೀನಿ, ಇಲ್ಲಿ ನಾನು ಜಗಳ ಆಡೋನೇ. ಒಳ್ಳೆ ಗಾಡಿ ಉಳಿಯುತ್ತೆ ಅನ್ನೋದು ನಿಜ ಆಗಿದ್ರೆ ಅಂಬಾಸಿಡರ್ 1958ರಿಂದ 2014ರವರೆಗೆ ಹೆಂಗೆ ಬಾಳ್ತು? ಗೇರು ಹಾಕೋಕೆ ತೋಳಲ್ಲಿ ಕಸುವು ಬೇಕಿತ್ತು. ಆದ್ರೂ ಜನ ವರ್ಷಗಟ್ಟಲೆ ಕಾದು ತಗೊಂಡ್ರು, ಯಾಕಂದ್ರೆ ಎಷ್ಟು ಕಾರು ಮಾಡಬೇಕು ಯಾರು ಮಾಡಬೇಕು ಅನ್ನೋ ಲೈಸೆನ್ಸು ಡೆಲ್ಲೀಲಿತ್ತು. ಇನ್ನೊಂದು ಕಡೆ ಫೋರ್ಡ್ ನೋಡಿ. ಅವರ ಇಕೋಸ್ಪೋರ್ಟ್ ಕಾರು ಓಡಿಸಿದೋರು ಇವತ್ತಿಗೂ ಅದನ್ನ ಹೊಗಳ್ತಾರೆ, ಆದ್ರೆ ಹತ್ತು ವರ್ಷದಲ್ಲಿ 200 ಕೋಟಿ ಡಾಲರ್‌ಗೂ ಮೇಲೆ ನಷ್ಟ ಅಂತ ಲೆಕ್ಕ ಹೇಳಿ 2021ರಲ್ಲಿ ಇಲ್ಲಿ ಕಾರು ಮಾಡೋದನ್ನೇ ನಿಲ್ಲಿಸ್ತೀವಿ ಅಂದುಬಿಟ್ರು. ಹಂಗಾಗಿ ಗಾಡಿ ಒಳ್ಳೇದಾ ಕೆಟ್ಟದ್ದಾ ಅನ್ನೋದಕ್ಕಿಂತ ಅದರ ಜುಟ್ಟು ಯಾರ ಕೈಲಿದೆ ನೋಡಬೇಕು ಅನ್ನೋದು ನನ್ನ ವಾದ, ಲೇಖನದಲ್ಲಿ ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ.

ನಮ್ಮೂರಲ್ಲೇ ಇದನ್ನ ನೋಡಬಹುದು. ಡೀಸೆಲ್ ಗಾಡಿ ಜುಟ್ಟು ಅಂದ್ರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಪಂಪು ಮತ್ತು ಇಂಜೆಕ್ಟರ್, ಅದನ್ನ ಮಾಡ್ತಿದ್ದದ್ದು ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದದ್ದು. ಮೈಕೋಲಿ ಕೆಲಸ ಅಂದ್ರೆ ಹೆಣ್ಣು ಕೊಡೋರು ಕ್ಯೂ ನಿಲ್ಲೋರು, ಸುಮ್ನೆ ಹೇಳ್ತಿಲ್ಲ. ಪೆಟ್ರೋಲ್ ದರ 2010ರಲ್ಲಿ ಸರ್ಕಾರದ ಕೈತಪ್ಪಿತು, ಡೀಸೆಲ್ದು 2014ರವರೆಗೂ ಸರ್ಕಾರದ ಹಿಡಿತದಲ್ಲೇ ಅಗ್ಗವಾಗಿ ಇತ್ತು, ಆ ನಾಲ್ಕು ವರ್ಷ ಜನ ಡೀಸೆಲ್ ಕಾರಿಗೆ ಮುಗಿಬಿದ್ರು. ಆಮೇಲೆ ದರದ ಅಂತರ ಕರಗ್ತು, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನೋ ಬಿಗಿಯಾದ ಹೊಗೆ ನಿಯಮ ಬಂದು ಸಣ್ಣ ಡೀಸೆಲ್ ಇಂಜಿನ್ ಮಾಡೋದೇ ದುಬಾರಿ ಆಗಿ ಮಾರುತಿಯವರು ಡೀಸೆಲ್ಲೇ ಬಿಟ್ರು. ಇಂಜಿನ್ನು ಕೆಟ್ಟದಾಗಿತ್ತಾ? ಮೈಲೇಜ್‌ನಲ್ಲಿ ಅದಕ್ಕೆ ಸಮ ಇರಲಿಲ್ಲ. ಮೈಕೋ ಅನ್ನೋ ಹೆಸರು 2008ರಲ್ಲೇ ಬಾಷ್ ಆಯ್ತು, ತಯಾರಿಕೆ ಬಿಡದಿಗೆ ಹೋಯ್ತು, ಪಂಪು ಮಾಡ್ತಿದ್ದ ಆಡುಗೋಡಿಯಲ್ಲಿ ಈಗ ಕಂಪ್ಯೂಟರ್ ಮುಂದೆ ಕೂರೋರು ಇದ್ದಾರೆ. ಮೈಕೋ ಲೇಔಟ್ ಅನ್ನೋದು ಮಾತ್ರ ಆಟೋದವರ ಬಾಯಲ್ಲಿ ಉಳ್ಕೊಂಡಿದೆ.

ರೇವಾದ್ದು ಇನ್ನೊಂದು ಥರ. 2001ರಲ್ಲೇ ಕರೆಂಟ್ ಕಾರು ರೋಡಿಗೆ ಬಿಟ್ರು ಸರ್, ಆಗ ಟೆಸ್ಲಾ ಅನ್ನೋ ಕಂಪನಿ ಹುಟ್ಟೂ ಇರಲಿಲ್ಲ. ಲಂಡನ್ನಿನಲ್ಲಿ 2003ರಿಂದ ಊರೊಳಗೆ ಬರೋ ಗಾಡಿಗೆ ಸುಂಕ ಹಾಕಿದ್ರು, ಕರೆಂಟ್ ಗಾಡಿಗೆ ಮಾಫಿ, ಅದಕ್ಕೇ ನಮ್ಮ ರೇವಾ ಅಲ್ಲಿ ಜೀ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತು. ತಲೆ ಇತ್ತು, ಧೈರ್ಯ ಇತ್ತು, ಆದ್ರೆ ಒಳಗಿದ್ದದ್ದು ಮನೆ ಯುಪಿಎಸ್‌ಗೆ ಹಾಕೋ ಥರದ ಸೀಸದ ಬ್ಯಾಟರಿ. ಭಾರ ಜಾಸ್ತಿ, ದೂರ ಕಮ್ಮಿ. ಅದೇ ಹೊತ್ತಿಗೆ ಚೀನಾದ ಬಿವೈಡಿ, 1995ರಿಂದ ಮೊಬೈಲ್ ಬ್ಯಾಟರಿ ಮಾಡ್ಕೊಂಡಿದ್ದೋರು, 2003ರಲ್ಲಿ ಒಂದು ಕಾರ್ ಕಂಪನಿ ಕೊಂಡ್ಕೊಂಡ್ರು. ನಮ್ಮೋರು ಕಾರಿಂದ ಶುರು ಮಾಡಿ ಬ್ಯಾಟರಿ ಹುಡುಕಿದ್ರು, ಅವರು ಬ್ಯಾಟರಿ ಕೈಲಿಟ್ಕೊಂಡು ಕಾರು ಮಾಡಿದ್ರು. 2010ರಲ್ಲಿ ರೇವಾ ಮಹೀಂದ್ರಾ ಪಾಲಾಯ್ತು, ಬಿವೈಡಿ ಎಲ್ಲಿದೆ ಅಂತ ನಿಮ್ಗೇ ಗೊತ್ತು. 2025ರ ಏಪ್ರಿಲ್‌ನಲ್ಲಿ ಮೋಟರ್ ಒಳಗಿನ ಮ್ಯಾಗ್ನೆಟ್ ಹೊರಗೆ ಕಳಿಸೋಕೆ ಲೈಸೆನ್ಸ್ ಬೇಕು ಅಂತ ಚೀನಾ ರೂಲ್ ಮಾಡ್ತು, ಇಲ್ಲಿ ಗಾಡಿ ಮಾಡೋರಿಗೆಲ್ಲ ನಿದ್ದೆ ಹೋಯ್ತು. ಡೆಲ್ಲೀಲಿದ್ದ ಲೈಸೆನ್ಸ್ ರಾಜ್ ಬೀಜಿಂಗ್‌ಗೆ ಹೋಗಿ ಕೂತಿದೆ ಅಷ್ಟೆ.

ಇನ್ನು ನಿಮ್ಮ ಶೆಡ್ಡು. ನಾನು ಲೇತ್ ಓಡಿಸಿದೋನಲ್ಲ, ಪೆನ್ ಓಡಿಸಿದೋನು, ಅಷ್ಟರಮಟ್ಟಿಗೆ ನನ್ನ ಮಾತು ತಗೊಳ್ಳಿ. ಕರೆಂಟ್ ಕಾರಲ್ಲಿ ವಾಲ್ವೂ ಇಲ್ಲ, ಗೈಡೂ ಇಲ್ಲ, ನಿಮ್ಮ ಮಗ ಹೇಳೋದು ಅಲ್ಲಿಗೆ ಸರಿ. ಆದ್ರೆ ಬಿಡದೀಲಿ ಟೊಯೋಟಾದವರು ಮಾಡ್ತಿರೋ ಹೈಕ್ರಾಸ್ ಹೈಬ್ರಿಡ್, ಅದ್ರಲ್ಲಿ ಮೋಟರ್ ಪಕ್ಕದಲ್ಲೇ ಪೆಟ್ರೋಲ್ ಇಂಜಿನ್ನೂ ಇದೆ, ಅಂದ್ರೆ ಗೈಡ್‌ಗೆ ನಾಳೆ ಬೆಳಿಗ್ಗೆ ಬಾಗಿಲು ಹಾಕಲ್ಲ. ಮೋಟರ್ ಇದ್ರೂ ಅದಕ್ಕೆ ಶಾಫ್ಟ್ ಬೇಕು, ಗೇರ್ ಬೇಕು. ಹಳೇ ಕಾರಲ್ಲಿ ಗೇರ್ ಸ್ವಲ್ಪ ಕಿರ್ ಅಂದ್ರೂ ಇಂಜಿನ್ ಸದ್ದಲ್ಲಿ ಮುಚ್ಚಿಹೋಗ್ತಿತ್ತು, ಕರೆಂಟ್ ಕಾರಲ್ಲಿ ಇಂಜಿನ್ ಸದ್ದೇ ಇಲ್ಲ, ಮೋಟರ್ ನಿಮಿಷಕ್ಕೆ 10 ಸಾವಿರ ಸುತ್ತು ಮೀರಿ ತಿರುಗುತ್ತೆ, ಹಾಗಾಗಿ ಗೇರಿನ ಗ್ರೈಂಡಿಂಗ್ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಬರಬೇಕು. ಗೈಡಿನ ತೂತನ್ನ ಮೈಕ್ರಾನ್‌ಗೆ ತರೋ ಕೈ ನಿಮ್ದು, ಅದನ್ನ ನೀವೇ ಎರಡನೇ ಪುಟದಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಮಾರೋ ಮುಂಚೆ ಒಂದು ಗ್ರೈಂಡಿಂಗ್ ಮಷೀನಿನ ರೇಟ್ ಕೇಳ್ಕೊಂಡು ಬರೋಕೆ ಮಗನ್ನೇ ಕಳಿಸಿ ನೋಡಿ, ರೇಟ್ ಕೇಳಿ ಅವನಿಗೆ ಎದೆ ಧಸಕ್ ಅನ್ನುತ್ತೆ, ಪರವಾಗಿಲ್ಲ, ಶೆಡ್ ಮಾರಿದ್ರೆ ಎಷ್ಟು ಬರುತ್ತೆ ಅನ್ನೋ ಲೆಕ್ಕ ಹೆಂಗೂ ಹಾಕಿಟ್ಟಿರ್ತಾನೆ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಕೂತು ಮಾತಾಡಿ.

ಕೊನೇ ಪುಟದಲ್ಲಿ ನಿಮ್ಮ ಮಾವನವರ ಹತ್ರ ಡಾಲ್ಫಿನ್ ಇತ್ತು, ಫೋಟೋ ಎಲ್ಲೋ ಅಟ್ಟದ ಮೇಲಿರಬೇಕು ಅಂದಿದ್ದೀರಿ. ದಯವಿಟ್ಟು ಹುಡುಕಿ ಸರ್, ಮುಂದಿನ ಸಂಚಿಕೇಲಿ ತಿದ್ದುಪಡಿ ಜತೆ ಹಾಕ್ತೀವಿ. ಬಾನೆಟ್ ಎತ್ತಿರೋ ಫೋಟೋ ಆದ್ರೆ ಇನ್ನೂ ಒಳ್ಳೇದು.