ಎರಡೇ ಸುತ್ತಿಗೆ ಬಿಗಿಯಾಗುವ ಬ್ರೇಕ್ ನಟ್

ಪ್ರಶ್ನೆ: ಹಳೇ ಕಾರಿಗೆ ಹೊಸ ಬ್ರೇಕ್ ಪೈಪ್ ತಂದೆ. ನಟ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಲಾ?

ಉತ್ತರ: ಬೇಡವೇ ಬೇಡ! ಹಾಗೆ ಮಾಡಿಯೇ ನಾನೊಮ್ಮೆ ವೀಲ್ ಸಿಲಿಂಡರಿನ (ಚಕ್ರದ ಬಳಿ ಬ್ರೇಕ್ ಒತ್ತುವ ಭಾಗ, ಪೈಪ್ ಕೂರುವುದು ಇದಕ್ಕೇ) ಥ್ರೆಡ್ ಕೆಡಿಸಿದ್ದೆ. ನಿಮ್ಮದು ಬಹುಶಃ ಎಂ10 (10 ಮಿ.ಮೀ. ಅಳತೆಯ) ನಟ್, ಸಿಲಿಂಡರಿನ ತೂತು 3/8 ಇಂಚಿನದು. ಹಳೇ ನಟ್ಟಿನ ಹೊರಗಿನ ಥ್ರೆಡ್ಡಿಗೆ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿಯಿರಿ. 9.8 ಅಥವಾ 9.9 ಮಿ.ಮೀ. ಬಂದರೆ ಎಂ10, 9.5ರ ಆಸುಪಾಸು ಬಂದರೆ 3/8. ಥ್ರೆಡ್ ಎಣಿಸಿ ನಂಬಬೇಡಿ. ಎಂ10ರ ಥ್ರೆಡ್ಡುಗಳ ಅಂತರ 1 ಮಿ.ಮೀ., 3/8ರದ್ದು 1.06. ಕಣ್ಣಿಗೆ ಎಲ್ಲಿ ಗೊತ್ತಾಗುತ್ತೆ? ಈ ಅಂತರ ಅಳೆಯುವ ಪಿಚ್ ಗೇಜ್ ಇದ್ದರೆ ಒಳ್ಳೆಯದು.

ಇದರ ಉಲ್ಟಾ ಇನ್ನೂ ಮೋಸ. 3/8 ನಟ್ ಎಂ10 ತೂತಿಗೆ ಸಲೀಸಾಗಿ ಹೋಗುತ್ತದೆ, ಆದರೆ ಲೂಸು. ಬಿಗಿ ಮಾಡುವಾಗ ಥ್ರೆಡ್ ಕಿತ್ತುಬರುತ್ತದೆ. ಪೈಪಿನ ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಆಕಾರವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ.